ಮೇಸ್ತ್ರಿ ಕಟ್ಟಿದ ಗಂಟು

ನಮ್ಮ ಮಾವ ಟೀ ಕುಡಿಯುವುದು ಓಡಾಡಿಕೊಂಡು. ಲೋಟ ಕೈಗೆ ಬಂದರೆ ಅಡುಗೆಮನೆಯಿಂದ ಬೀದಿಬಾಗಿಲು, ಬೀದಿಬಾಗಿಲಿಂದ ಹಿತ್ತಿಲು. ಟೀ ಮುಗಿಯುವಷ್ಟರಲ್ಲಿ ಮನೆಯ ಎಲ್ಲ ಬಾಗಿಲುಗಳ ಚಿಲಕವನ್ನೂ ಒಂದೊಂದು ಸಲ ಅಲ್ಲಾಡಿಸಿ ನೋಡಿರುತ್ತಾರೆ. ಕೂತ್ಕೊಳ್ಳಿ ಮಾವ ಎಂದರೆ, "ಕೂತರೆ ಸೊಂಟ ಹಿಡಿಯತ್ತಮ್ಮ" ಎನ್ನುತ್ತಾರೆ. ಸೊಂಟ ಹಿಡಿದದ್ದು ಕೂತು ಅಲ್ಲ, ಜನರ ಬೀರು ಹೊತ್ತು. ಮನೆ ಬದಲಿಸುವವರ ಸಾಮಾನು ಕಟ್ಟಿ, ಲಾರಿಗೇರಿಸಿ, ಹೊಸ ಮನೆಯಲ್ಲಿ ಇಳಿಸಿಕೊಡುವುದು ಅವರು ಮೀಸೆ ಮೂಡುವ ಮೊದಲಿನಿಂದ ಮಾಡಿಕೊಂಡು ಬಂದ ಕೆಲಸ. ಈಗ ಲಾರಿಯನ್ನು ಅವರ ಮಗ, ಅಂದರೆ ನಮ್ಮವರು, ಓಡಿಸುತ್ತಾರೆ. ಎತ್ತುವುದಕ್ಕೆ ಆಳುಗಳಿದ್ದಾರೆ. ಕಟ್ಟುವ ಕೆಲಸವನ್ನು ಮಾತ್ರ ಮಾವ ಯಾರಿಗೂ ಬಿಟ್ಟುಕೊಟ್ಟಿಲ್ಲ. ಬೀದಿಯಲ್ಲಿ ಎಲ್ಲರೂ ಅವರನ್ನು ಮೇಸ್ತ್ರಿ ಎಂದೇ ಕರೆಯುತ್ತಾರೆ.

ನಾನು ಬಸ್ ನಿಲ್ದಾಣದ ಟಿಕೆಟ್ ಕೌಂಟರಿನಲ್ಲಿ ಕೂರುವವಳು. ಗಾಜಿನ ಆಚೆ ನಿಂತವರಿಗೆ ಕೇಳಿಸಲಿ ಎಂದು ದಿನವಿಡೀ ಕೂಗಿ ಕೂಗಿ ನನ್ನ ದನಿ ಮನೆಯಲ್ಲೂ ಇಳಿಯುವುದಿಲ್ಲ, ಕೋಪ ಅಂತೂ ಮೂಗಿನ ತುದಿಯಲ್ಲೇ. ಇದನ್ನು ಮೊದಲೇ ಹೇಳಿಬಿಟ್ಟರೆ ಒಳ್ಳೆಯದು. ಮುಂದೆ ನಾನು ಆ ಮನುಷ್ಯನ ಮೇಲೆ ಎಷ್ಟು ಸಲ ಹರಿಹಾಯ್ದೆ ಎಂದು ಕೇಳಿದಾಗ ಎಂಥ ಸೊಸೆಯಪ್ಪಾ ಇವಳು ಎಂದು ನೀವು ಹುಬ್ಬೇರಿಸುವುದು ಬೇಡ.

ಮಾವನ ಜೊತೆ ಯಾರ ಮನೆಗಾದರೂ ಹೋಗುವುದೆಂದರೆ ಮುಜುಗರವೇ. ಅವರು ಮನೆಯವರನ್ನು ನೋಡುವುದಿಲ್ಲ, ಸಾಮಾನು ನೋಡುತ್ತಾರೆ. ಮಂಚ ಬಿಚ್ಚುವಂಥದ್ದೋ ಅಲ್ಲವೋ, ಬೀರುವನ್ನು ಬಾಗಿಲಿನಲ್ಲಿ ಯಾವ ಕಡೆ ವಾಲಿಸಬೇಕು, ಕಪಾಟಿನ ಗಾಜಿಗೆ ಎಷ್ಟು ಹಳೇ ಪೇಪರ್ ಬೇಕು, ಇದೇ ಧ್ಯಾನ. ನನ್ನ ದಪ್ಪ ಚಿಕ್ಕಪ್ಪ ಬಂದು ಸೋಫಾದಲ್ಲಿ ಕೂತಾಗ, ನನ್ನ ಕಿವಿಯ ಹತ್ತಿರ ಬಂದು, "ಇವರನ್ನ ಮೆಟ್ಟಿಲಲ್ಲಿ ಇಳಿಸೋಕೆ ನಾಲ್ಕು ಜನ ಬೇಕು, ನೋಡು" ಎಂದಿದ್ದರು. ನಗು ತಡೆಯಲಾರದೆ ನಾನು ಒಳಗೋಡಿದ್ದೆ.

ಕೆಲಸದಲ್ಲಿ ಮಾತ್ರ ತಮಾಷೆ ಇಲ್ಲ. ಒಡೆಯುವ ಸಾಮಾನು ಪೆಟ್ಟಿಗೆಯ ನಡುವೆ ಹೋಗಬೇಕು. ಕಳೆದುಹೋದರೆ ಮತ್ತೆ ಸಿಗದಂಥದ್ದು ನಡುವಿಗೂ ನಡುವೆ, ಅದರ ಸುತ್ತ ಬಟ್ಟೆ, ಬಟ್ಟೆಯ ಸುತ್ತ ಪಾತ್ರೆ, ಪಾತ್ರೆಯ ಸುತ್ತ ಕಂಬಳಿ. ಹಗ್ಗವನ್ನು ಎಂದಿಗೂ ಕತ್ತರಿಸಬಾರದು. ಗಂಟು ಬಿಚ್ಚಿ, ಮೊಣಕೈಗೂ ಹೆಬ್ಬೆರಳಿಗೂ ಸುತ್ತಿ, ಸಿಂಬಿ ಮಾಡಿ ಪಕ್ಕಕ್ಕಿಡಬೇಕು. ಹಗ್ಗ ಕತ್ತರಿಸಿದ ಒಬ್ಬ ಆಳನ್ನು ಅವರು ಅವತ್ತೇ ಮನೆಗೆ ಕಳಿಸಿದ್ದರು. ಇಷ್ಟು ವರ್ಷಗಳಲ್ಲಿ ಮೇಸ್ತ್ರಿ ಕಟ್ಟಿದ ಒಂದು ಕಪ್ಪೂ ಒಡೆದಿಲ್ಲ ಎಂದು ಜನ ಹೇಳುತ್ತಾರೆ, ಅದು ನಿಜವೇ.

ಅತ್ತೆಗೆ ಉಬ್ಬಸ. ಹೊಳೆಯ ಏರಿಯ ಕೆಳಗಿನ ನಮ್ಮ ಬೀದಿಯಲ್ಲಿ ಗೋಡೆಗಳು ವರ್ಷದಲ್ಲಿ ಅರ್ಧ ಕಾಲ ಒದ್ದೆ. ಆ ಥಂಡಿಗೆ ಅವರ ಎದೆ ಒಮ್ಮೊಮ್ಮೆ ಹಿಡಿದುಕೊಳ್ಳುತ್ತದೆ. ಡಾಕ್ಟರು ಕೊಟ್ಟ ನೀಲಿ ಬಣ್ಣದ ಇನ್‌ಹೇಲರಿಗೆ ಮನೆಯಲ್ಲಿ ನಾವು ಪಂಪು ಅನ್ನುತ್ತೇವೆ. ಪಂಪಿನ ಜಾಗ ಅತ್ತೆಯ ದಿಂಬಿನ ಕೆಳಗೆ. ಎದ್ದರೆ ಸೊಂಟದಲ್ಲಿ, ಮಲಗಿದರೆ ದಿಂಬಿನಡಿ, ಹಾಗೆ ಅವರ ಜೊತೆಗೇ ಇರುತ್ತದೆ. ಒಂದು ಸಲ ಅದು ತಡವಾಗಿ ಸಿಕ್ಕಿ, ಅತ್ತೆಯ ತುಟಿ ಕಪ್ಪಿಟ್ಟು, ಆಸ್ಪತ್ರೆಯಲ್ಲಿ ಮೂರು ದಿನ ಇಟ್ಟುಕೊಂಡಿದ್ದರು. ಆ ಮೂರು ದಿನ ಮಾವ ಆಸ್ಪತ್ರೆಯ ವರಾಂಡದಲ್ಲಿ ಎಷ್ಟು ನಡೆದರೆಂದರೆ ಅಲ್ಲಿನ ಕಾವಲುಗಾರ ಬಂದು, "ಯಜಮಾನ್ರೆ, ನಿಮ್ಮನ್ನ ನೋಡಿ ನನಗೇ ಕಾಲು ನೋಯ್ತಿದೆ" ಎಂದನಂತೆ. ಇನ್ನೊಂದು ಸಲ ಹಾಗಾದರೆ ಕಷ್ಟ ಎಂದು ಡಾಕ್ಟರು ಮುಚ್ಚುಮರೆ ಇಲ್ಲದೆ ಹೇಳಿ ಕಳಿಸಿದರು.

ಹೋದ ಸಲದ ಮಳೆಯಲ್ಲಿ ಹೊಳೆ ಉಕ್ಕಿ ನಮಗಿಂತ ಕೆಳಗಿನ ಬೀದಿಗೆ ನೀರು ನುಗ್ಗಿತ್ತು. ಗಾಬರಿಯಲ್ಲಿ ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಓಡಿಬಂದವರನ್ನು ನಾವೆಲ್ಲ ನೋಡಿದ್ದೆವು. ಒಬ್ಬಾಕೆ ಗೋಡೆ ಗಡಿಯಾರ ತಬ್ಬಿಕೊಂಡು ಬಂದಿದ್ದಳು, ಮಾತ್ರೆಗಳು ಮನೆಯಲ್ಲೇ ಉಳಿದಿದ್ದವು. ನಮ್ಮ ಎದುರುಮನೆಯ ಕಟಿಂಗ್ ಅಂಗಡಿಯವನು ಆಗ ಅಲ್ಲೇ ಇದ್ದವನು, ಅಂಗಡಿಯ ಕುರ್ಚಿಯ ದಿಂಬೊಂದನ್ನೇ ಹಿಡಿದು ಓಡಿಬಂದಿದ್ದ. ಅದಕ್ಕೇ ಈ ಸಲ ಮಳೆ ಶುರುವಾಗುವ ಮೊದಲೇ ಪುರಸಭೆಯ ಜೀಪು ಮೈಕು ಕಟ್ಟಿಕೊಂಡು ಬೀದಿಬೀದಿ ಸುತ್ತಿತು. ಪ್ರತಿ ಮನೆಯವರೂ ಒಂದು ಬ್ಯಾಗು ಸಿದ್ಧ ಮಾಡಿ ಬಾಗಿಲ ಬಳಿ ಇಟ್ಟುಕೊಳ್ಳಬೇಕು. ಕುಡಿಯುವ ನೀರು, ಬಿಸ್ಕತ್ತು, ಟಾರ್ಚು, ಔಷಧಿ, ಮುಖ್ಯವಾದ ಕಾಗದಪತ್ರ, ಒಂದು ಜೊತೆ ಒಣಬಟ್ಟೆ. ಸೈರನ್ ಕೇಳಿದ ಕೂಡಲೇ ಅದನ್ನೆತ್ತಿಕೊಂಡು ದಿಣ್ಣೆಯ ಮೇಲಿನ ಕಾಲೇಜಿಗೆ ಹೋಗಬೇಕು.

ಜೀಪು ತಿರುವು ದಾಟುವ ಮೊದಲೇ ಮಾವ ಹಾಲ್‌ನಲ್ಲಿ ಟಾರ್ಪಾಲು ಹಾಸಿದ್ದರು.

"ಬ್ಯಾಗು ಸಾಕಂತೆ ಮಾವ" ಎಂದೆ.

"ಬ್ಯಾಗು ತರಕಾರಿಗಮ್ಮ. ಮನೆ ಬಿಡೋಕೆ ಗಂಟೇ ಕಟ್ಟಬೇಕು."

"ಮನೆ ಬಿಡ್ತಿಲ್ಲ ನಾವು. ಒಂದೆರಡು ದಿನ ಮೇಲೆ ಹೋಗಿ ಕೂತಿದ್ದು ಬರೋದು."

"ಹೋಗೋರೆಲ್ಲ ಹಾಗೇ ಅಂದ್ಕೊಂಡು ಹೋಗೋದು" ಎಂದು ಮಾವ ಹಗ್ಗ ಹುಡುಕಲು ಹೊರಟರು.

ಅಲ್ಲಿಂದ ಮನೆಯಲ್ಲಿ ನೆಮ್ಮದಿ ಹೋಯಿತು. ಇದ್ದ ಒಳ್ಳೇ ಸಾಮಾನೆಲ್ಲ ಒಂದೊಂದಾಗಿ ಆ ಗಂಟಿನ ಹೊಟ್ಟೆಗೆ ಹೋಯಿತು. ಟಾರ್ಚು ಹೋಯಿತು, ಕತ್ತರಿ ಹೋಯಿತು, ಚಾಕು ಹೋಯಿತು. ಉಗುರು ಕತ್ತರಿಸುವುದಕ್ಕೆ ನಾನು ಎದುರುಮನೆಗೆ ಹೋಗಿ ಕೇಳಬೇಕಾಯಿತು. ಕಟಿಂಗ್ ಅಂಗಡಿಯವನು ನೇಲ್‌ಕಟರ್ ಕೊಡುತ್ತ, "ಮೇಸ್ತ್ರಿ ಇನ್ನು ನಿಮ್ಮನ್ನೂ ಪೇಪರ್ ಸುತ್ತಿ ಕಟ್ಟಿಡ್ತಾರೆ, ಹುಷಾರಾಗಿರಿ ಅಕ್ಕ" ಎಂದ. ಒಂದು ಸಂಜೆ ಕರೆಂಟು ಹೋಗಿ, ಬೆಂಕಿಪೊಟ್ಟಣವೂ ಗಂಟಿನೊಳಗಿದ್ದು, ನಾವು ಕತ್ತಲಲ್ಲಿ ಒಬ್ಬರಿಗೊಬ್ಬರು ಡಿಕ್ಕಿ ಹೊಡೆದುಕೊಂಡು ಓಡಾಡಿದೆವು. ಗಂಟನ್ನು ಬಿಚ್ಚಿ ಎಂದರೆ ಮಾವ ಜಪ್ಪಯ್ಯ ಎಂದರೂ ಒಪ್ಪಲಿಲ್ಲ. ಬಿಚ್ಚುವುದು ಅವರಿಗೆ ಮನಸ್ಸು ಬಂದಾಗ ಮಾತ್ರ. ಮೋಡ ಗುಡುಗಿದರೆ, ಹೊಳೆ ಒಂದು ಮೆಟ್ಟಿಲು ಏರಿತು ಎಂದು ಯಾರಾದರೂ ಅಂದರೆ, ಎಲ್ಲವನ್ನೂ ಹಾಲ್ ತುಂಬ ಹರಡಿ, ನಡುವಿನಿಂದ ಮತ್ತೆ ಶುರು. ಕೆಲಸ ಮುಗಿಸಿ ಬಂದವಳಿಗೆ ಕಾಲಿಡಲು ಜಾಗವಿಲ್ಲ. ನನಗೆ ತಲೆ ಚಿಟ್ಟು ಹಿಡಿದುಹೋಯಿತು.

"ನಿಮ್ಮ ಮಾವ ನನ್ನ ಮದುವೆಯಾದಾಗ್ಲೂ ಹೀಗೇ" ಎಂದು ಅತ್ತೆ ಮಂಚದ ಮೇಲಿಂದ ನಕ್ಕರು. "ನನ್ನ ಟ್ರಂಕನ್ನ ಮೂರು ಸಲ ಬಿಚ್ಚಿ ಕಟ್ಟಿದ್ರು. ನಮ್ಮಪ್ಪ ಕೊನೆಗೆ, ಅಳಿಯಂದಿರು ಹುಡುಗೀನ ಕರ್ಕೊಂಡು ಹೋಗ್ತಾರೋ ಟ್ರಂಕನ್ನೋ ಅಂತ ಕೇಳಿದ್ರು."

"ದಾರೀಲಿ ಟ್ರಂಕು ಬಿಚ್ಕೊಂಡಿದ್ರೆ ಗೊತ್ತಾಗ್ತಿತ್ತು" ಎಂದರು ಮಾವ, ತಲೆ ಎತ್ತದೆ.

ಗಂಟಿನಲ್ಲಿಡಲೆಂದೇ ನಾನು ಇನ್ನೊಂದು ಪಂಪು ತಂದುಕೊಟ್ಟೆ. ಮೇಲೆ, ಕೈಗೆ ಸಿಗುವ ಕಡೆ ಇಡಿ ಎಂದು ಬಾಯಿ ಬಿಟ್ಟು ಹೇಳಿದೆ. ಮಾವ ಅದನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಸಣ್ಣ ಸ್ಟೀಲ್ ಡಬ್ಬಿಗೆ ಹಾಕಿ, ಡಬ್ಬಿಗೆ ಟೇಪು ಸುತ್ತಿ, ಟಾರ್ಪಾಲಿನ ನಟ್ಟನಡುವೆ ಎಲ್ಲಕ್ಕಿಂತ ಮೊದಲು ಇಟ್ಟರು.

"ಮಾವ, ಅದು ಅರ್ಜೆಂಟಿಗೆ ಬೇಕಾಗೋದು."

"ಹೊರಗಿಟ್ಟಿದ್ದು ಉದುರಿಹೋಗತ್ತೆ. ನೂಕುನುಗ್ಗಲಲ್ಲಿ ಯಾರ ಕಾಲಿನಡಿ ಸಿಕ್ಕಿತೋ."

"ಒಳಗಿಟ್ಟರೆ ನಮಗೇ ಸಿಗಲ್ವಲ್ಲ."

"ಮೇಲೆ ಹೋಗಿ ಬಿಚ್ಚಿದರೆ ಸಿಗತ್ತೆ. ನಾನು ಕಟ್ಟಿದ್ದರಲ್ಲಿ ಏನಾದರೂ ಕಾಣೆಯಾಗಿದೆಯೇನಮ್ಮ ಇಲ್ಲಿವರೆಗೆ?"

ಒಂದು ಸಲ ಬಿಚ್ಚಿ ತೋರಿಸಿ, ಎಷ್ಟು ಹೊತ್ತಾಗುತ್ತದೆ ನೋಡೋಣ ಎಂದೆ. ಕಟ್ಟಿದ್ದನ್ನು ಸುಮ್ಮನೆ ಬಿಚ್ಚಿದರೆ ಹಗ್ಗ ಸಡಿಲ ಬೀಳುತ್ತದಂತೆ. ದಿನಾ ಬಿಚ್ಚುವವರು ಅವರೇ, ಹೇಳುವವರೂ ಅವರೇ. ಪಿತ್ತ ನೆತ್ತಿಗೇರಿ ನಾಲ್ಕು ಮಾತು ಆಡಿ ಅಡುಗೆಮನೆಗೆ ಹೋದೆ. ಹೇಗೂ ಒಂದು ಪಂಪು ದಿಂಬಿನ ಕೆಳಗಿದೆಯಲ್ಲ ಎಂದು ನಾನೂ ಅಲ್ಲಿಗೇ ಬಿಟ್ಟೆ.

ಆಮೇಲೆ ಮಳೆ ಹಿಡಿದದ್ದು ಬಿಡಲಿಲ್ಲ. ನಮ್ಮವರು ಒಂದು ಮನೆಯ ಸಾಮಾನು ತುಂಬಿಕೊಂಡು ಹೊಳೆಯಾಚೆಯ ಊರಿಗೆ ಹೋದವರು, ಸೇತುವೆ ಮುಚ್ಚಿದರೆಂದು ಅಲ್ಲೇ ಸಿಕ್ಕಿಕೊಂಡರು. ಫೋನ್ ಮಾಡಿ, "ಅಮ್ಮನ್ನ ನೋಡ್ಕೊ, ಅಪ್ಪ ಗಾಬರಿ ಬಿದ್ರೆ ಯಾರ ಮಾತೂ ಕೇಳಲ್ಲ" ಎಂದರು. ಇದನ್ನು ನನಗೆ ಹೇಳಬೇಕಿತ್ತೇ. ಮರುದಿನ ಬೆಳಿಗ್ಗೆ ಬಸ್ಸುಗಳೂ ನಿಂತವು, ಕೌಂಟರು ಮುಚ್ಚಿತು, ನಾನು ಮನೆಗೆ ವಾಪಸು ಬಂದೆ. ಮಾವ ಛತ್ರಿ ಹಿಡಿದು ಏರಿಗೆ ಹೋಗುವುದು, ನೀರು ನೋಡುವುದು, ಬರುವುದು, ಗಂಟಿನ ಹತ್ತಿರ ಕೂರುವುದು, ಏಳುವುದು. ಮಾತಾಡಿಸಿದರೆ ಹೂಂ ಎನ್ನುವಷ್ಟೂ ಗಮನವಿಲ್ಲ. ನಾನೂ ಒಂದೇ ಪಾತ್ರೆಯನ್ನು ಎರಡೆರಡು ಸಲ ತೊಳೆದೆ, ಸ್ಟವ್ ಮೇಲಿಟ್ಟ ಟೀ ಉಕ್ಕಿ ಹೋಯಿತು. ನಾನು ಒಲೆ ಒರೆಸುತ್ತಿದ್ದಾಗ ಹಾಲ್‌ನಲ್ಲಿ ಟಾರ್ಪಾಲು ಸರಸರ ಎಂದು ಬಿಚ್ಚಿಕೊಳ್ಳುವುದು ಕೇಳಿಸಿತು. ಮತ್ತೆ ಶುರುಮಾಡಿದರಪ್ಪಾ ಎಂದು ತಲೆ ಚಚ್ಚಿಕೊಂಡೆನೇ ಹೊರತು ಹೋಗಿ ನೋಡಲಿಲ್ಲ.

ಮಾವ ಕೊನೆಯ ಗಂಟು ಬಿಗಿದು ಏಳುವ ಹೊತ್ತಿಗೆ ಸೈರನ್ ಕೂಗಿತು.

ಅದರ ಮುಂದಿನದೆಲ್ಲ ಕಾಲಿಗೆ ಚಕ್ರ ಕಟ್ಟಿಕೊಂಡ ಹಾಗೆ. ಗ್ಯಾಸ್ ಬಂದ್ ಮಾಡಿದೆ, ಮೇನ್ ಸ್ವಿಚ್ಚು ಇಳಿಸಿದೆ, ಅತ್ತೆಗೆ ಶಾಲು ಹೊದಿಸಿದೆ. ಮಾವ ಸೊಂಟಕ್ಕೊಂದು ಪಟ್ಟಿ ಬಿಗಿದು ಗಂಟನ್ನು ಬೆನ್ನಿಗೇರಿಸಿದರು. ನಾನು ಒಂದು ಕಡೆ ಹಿಡಿಯುತ್ತೇನೆಂದರೆ, "ನೀನು ಅವಳನ್ನ ಹಿಡ್ಕೊ, ಇದನ್ನ ಬಿಡು" ಎಂದರು. ಬೀದಿಯಲ್ಲಿ ಆಗಲೇ ಪಾದ ಮುಳುಗುವಷ್ಟು ನೀರು ಹರಿಯುತ್ತಿತ್ತು. ಕಟಿಂಗ್ ಅಂಗಡಿಯವನು ಈ ಸಲ ಸರಿಯಾದ ಬ್ಯಾಗು ಹಾಕಿಕೊಂಡು, ಹೆಂಡತಿ ಮಕ್ಕಳನ್ನು ಮುಂದೆ ಬಿಟ್ಟುಕೊಂಡು ನಮ್ಮ ಪಕ್ಕದಲ್ಲೇ ನಡೆದ. ಏರು ಶುರುವಾದಲ್ಲಿ ಅತ್ತೆ ಒಂದು ಸಲ ನಿಂತರು. ಎರಡನೇ ಸಲ ನಿಂತಾಗ ಅವರ ಎದೆಯಿಂದ ಸಿಳ್ಳೆಯ ಹಾಗೆ ಸದ್ದು ಬರುತ್ತಿರುವುದು ನನಗೆ ಮಳೆಯಲ್ಲೂ ಕೇಳಿಸಿತು. ಪಂಪು ತಗೊಳ್ಳಿ ಅತ್ತೆ ಎಂದೆ. ಮೇಲೆ ಹೋಗೋಣ ಎಂಬಂತೆ ಕೈ ಮಾಡಿದರು. ಹೆಚ್ಚು ಮಾತಾಡಿಸಬಾರದೆಂದು ನಾನು ಅವರ ಭಾರವನ್ನು ನನ್ನ ಭುಜಕ್ಕೆ ಹಾಕಿಕೊಂಡು ನಡೆಸಿದೆ.

ಕಾಲೇಜಿನ ದೊಡ್ಡ ಕೋಣೆಯಲ್ಲಿ ಬೆಂಚುಗಳನ್ನು ಗೋಡೆಗೆ ಒತ್ತರಿಸಿದ್ದರು. ಅತ್ತೆಯನ್ನು ಒಂದರ ಮೇಲೆ ಕೂರಿಸಿದೆ. ಅವರು ಎರಡೂ ಕೈಯನ್ನು ಮಂಡಿಗೆ ಊರಿ, ಮುಂದಕ್ಕೆ ಬಾಗಿ, ಬಾಯಿ ತೆರೆದು ಉಸಿರೆಳೆಯುತ್ತಿದ್ದರು.

"ಪಂಪು ತೆಗೀರಿ ಅತ್ತೆ. ಸೊಂಟದಲ್ಲಿದ್ಯಾ?"

ತಲೆ ಅಲ್ಲಾಡಿಸಿದರು. ಒಂದೊಂದೇ ಪದವಾಗಿ ಹೇಳಿದರು. "ದಿಂಬಿನ ಕೆಳಗೆ... ನೋಡ್ದೆ. ಇರ್ಲಿಲ್ಲ. ನೀನು... ತಗೊಂಡಿದೀಯ... ಅಂದ್ಕೊಂಡೆ."

ನಾನು ತಿರುಗಿ ಮಾವನ ಮುಖ ನೋಡಿದೆ. ಗಂಟನ್ನು ಆಗಷ್ಟೇ ಕೆಳಗಿಳಿಸಿದ್ದ ಅವರು ಅಲ್ಲೇ ನಿಂತುಬಿಟ್ಟಿದ್ದರು.

"ಅದೂ ಒಳಗಿದೆ" ಎಂದರು. "ಆಗಲೇ ಬಿಚ್ಚಿ ಕಟ್ಟಿದೆನಲ್ಲ, ಆಗ ಇಟ್ಟೆ. ಗಡಿಬಿಡೀಲಿ ದಿಂಬಿನಡಿಯೇ ಮರೆತುಹೋದರೆ ಅಂತ... ಎರಡನ್ನೂ ಡಬ್ಬಿಗೆ ಹಾಕಿದೆ."

"ಬಿಚ್ಚಿ" ಎಂದೆ.

ಮಾವ ಮಂಡಿಯೂರಿದರು. ಆ ಗಂಟುಗಳು ಅವರಿಗಲ್ಲದೆ ಬೇರೆ ಯಾರಿಗೂ ಬಿಚ್ಚಲು ಬರುವಂಥವಲ್ಲ, ಮಳೆಗೆ ನೆನೆದು ಬಿಗಿದುಕೊಂಡೂ ಇದ್ದವು. ಮೊದಲನೆಯದು ಬಿಚ್ಚಿತು. ಬಿಚ್ಚಿದ ಹಗ್ಗವನ್ನು ಅವರ ಕೈ ತನ್ನಷ್ಟಕ್ಕೆ ಮೊಣಕೈಗೂ ಹೆಬ್ಬೆರಳಿಗೂ ಸುತ್ತತೊಡಗಿತು. ನಿಧಾನವಾಗಿ, ಒಪ್ಪವಾಗಿ, ಒಂದು ಸುತ್ತಿನ ಮೇಲೆ ಇನ್ನೊಂದು ಸುತ್ತು. ಬೆಂಚಿನ ಮೇಲೆ ಅವರ ಹೆಂಡತಿ ಉಸಿರಿಗೆ ಒದ್ದಾಡುತ್ತಿದ್ದಾರೆ, ಇಲ್ಲಿ ಇವರು ಹಗ್ಗದ ಸಿಂಬಿ ಮಾಡುತ್ತಿದ್ದಾರೆ.

ನಾನು ಕಿರುಚಿದೆ. ಕೌಂಟರಿನ ದನಿಯೆಲ್ಲ ಒಟ್ಟಾಗಿ ಬಂತು. "ಮಾವ, ಹಗ್ಗ ಬಿಸಾಕಿ!"

ಅವರು ತಮ್ಮ ಕೈಯನ್ನು ಯಾರದೋ ಕೈಯನ್ನು ನೋಡಿದ ಹಾಗೆ ನೋಡಿಕೊಂಡರು. ಹಗ್ಗವನ್ನು ಕಿತ್ತೆಸೆದರು. "ಕತ್ತರಿಸು, ಕತ್ತರಿಸಮ್ಮ" ಎಂದರು. ಯಾವುದರಿಂದ ಕತ್ತರಿಸುವುದು? ಚಾಕು, ಕತ್ತರಿ ಎಲ್ಲ ಒಳಗೇ. ಕಟಿಂಗ್ ಅಂಗಡಿಯವನು ಯಾರ ಹತ್ತಿರವಾದರೂ ಉಬ್ಬಸದ ಪಂಪು ಇದೆಯೇ ಎಂದು ಕೋಣೆಯೆಲ್ಲ ಕೂಗುತ್ತ ಓಡಿದವನು, ಇಲ್ಲವೆನ್ನಿಸಿಕೊಂಡು ಬಂದು, ತನ್ನ ಬ್ಯಾಗಿನಿಂದ ಕ್ಷೌರದ ಕತ್ತಿ ತೆಗೆದುಕೊಟ್ಟ. ಮಾವ ಹಗ್ಗಗಳನ್ನು ಒಂದಾದ ಮೇಲೊಂದು ಸೀಳಿದರು. ಟಾರ್ಪಾಲು ಬಿಚ್ಚಿಕೊಂಡಿತು. ಕಂಬಳಿ, ಪಾತ್ರೆ, ಬಿಸ್ಕತ್ತು, ಕಾಗದಪತ್ರದ ಚೀಲ, ನಮ್ಮೆಲ್ಲರ ಬಟ್ಟೆ, ಒಂದೊಂದನ್ನೂ ಹಿಂದಕ್ಕೆ ಎಸೆಯುತ್ತ ಹೋದರು. ಪಾತ್ರೆ ಉರುಳಿ ಹೋಗಿ ಯಾರ ಕಾಲಿಗೋ ತಗುಲಿತು. ನಾನು ಅತ್ತೆಯ ಬೆನ್ನು ನೀವುತ್ತ, "ಬಂತು ಅತ್ತೆ, ಬಂತು" ಎನ್ನುತ್ತಿದ್ದೆ. ಅವರ ತುಟಿಯ ಬಣ್ಣ ಬದಲಾಗುತ್ತಿತ್ತು. ಅವರು ನನ್ನ ಕೈಯನ್ನು ಹಿಡಿದಿದ್ದ ಹಿಡಿತಕ್ಕೆ ನನ್ನ ಮೂಳೆ ನೋಯುತ್ತಿತ್ತು. ಅದು ಸಡಿಲವಾದರೆ ಎಂದು ನನಗೆ ಜೀವ ಬಾಯಿಗೆ ಬಂದಿತ್ತು.

ಡಬ್ಬಿ ಸಿಕ್ಕಿತು. ಟೇಪಿನ ತುದಿ ಒದ್ದೆ ಬೆರಳಿಗೆ ಸಿಗಲಿಲ್ಲ. ಮಾವ ಹಲ್ಲಿನಿಂದ ಕಚ್ಚಿ ಎಳೆದರು, ಮುಚ್ಚಳದ ಅಂಚು ತಾಗಿ ತುಟಿಯಿಂದ ರಕ್ತ ಬಂತು. ಬಟ್ಟೆ ಬಿಚ್ಚಿ ಪಂಪನ್ನು ನನ್ನ ಕೈಗಿಟ್ಟರು. ನಾನು ಕುಲುಕಿ ಅತ್ತೆಯ ಬಾಯಿಗಿಟ್ಟು ಒತ್ತಿದೆ. ಎಳೆದುಕೊಳ್ಳಲು ಅವರಿಗೆ ಆಗಲಿಲ್ಲ, ಅರ್ಧ ಹೊರಗೇ ಹೋಯಿತು. ಮತ್ತೆ ಒತ್ತಿದೆ. ಎಳೆದುಕೊಂಡರು. ಇನ್ನೊಂದು ಸಲ.

ಆಮೇಲೆ ಕಾಯುವುದಷ್ಟೇ ಇತ್ತು. ಸ್ವಲ್ಪ ಹೊತ್ತಿಗೆ ಆ ಸಿಳ್ಳೆಯ ಸದ್ದು ತಗ್ಗಿತು, ಭುಜಗಳು ಕೆಳಗಿಳಿದವು. ಅತ್ತೆ ಗೋಡೆಗೆ ಒರಗಿ ಕಣ್ಣು ಮುಚ್ಚಿ, ಒಂದು ಪೂರ್ತಿ ಉಸಿರು ತೆಗೆದುಕೊಂಡು ಬಿಟ್ಟರು.

ಅವರು ಉಳಿದರೆಂದು ಗೊತ್ತಾದ ಕೂಡಲೇ ನನಗೆ ಕೋಪ ಬಂತು. ಇಷ್ಟು ದಿನದ್ದೆಲ್ಲ ಸೇರಿಕೊಂಡು ಬಂತು. ಮಾವ ಇನ್ನೂ ಆ ಹರಡಿದ ಸಾಮಾನಿನ ನಡುವೆ ಮಂಡಿಯೂರಿಕೊಂಡೇ ಇದ್ದರು.

"ಯಾಕೆ ಮಾವ? ಮೇಲಿಡಿ ಮೇಲಿಡಿ ಅಂತ ಎಷ್ಟು ಸಲ ಬಡ್ಕೊಂಡೆ? ದಿಂಬಿನ ಕೆಳಗಿದ್ದದ್ದನ್ನೂ ತೆಗೆದು ಕಟ್ಟಿದ್ರಲ್ಲ, ಏನು ಅಂದ್ಕೊಂಡು ಕಟ್ಟಿದ್ರಿ?"

ಮಾವ ತುಟಿಯ ರಕ್ತವನ್ನು ಅಂಗೈಯಿಂದ ಒರೆಸಿಕೊಂಡರು.

"ಈ ಗಂಟಲ್ಲಿ ಕಳೆದುಹೋಗಬಾರದ್ದು ಅದೊಂದೇ ಇತ್ತಮ್ಮ" ಎಂದರು. "ಬೇರೆಯದೆಲ್ಲ ಹೊಳೆಗೆ ಹೋದರೂ ನನಗೇನು. ಅದಕ್ಕೇ ನಡುವೆ ಇಟ್ಟೆ. ಜೋಪಾನ ಮಾಡೋದು ಅಂದರೆ ನನಗೆ ಗೊತ್ತಿರೋದು ಅಷ್ಟೇ." ಸೊಸೆಯ ಮುಂದೆ, ಬೀದಿಯವರೆಲ್ಲರ ಮುಂದೆ, ಮಾವ ಬಿಕ್ಕಿ ಬಿಕ್ಕಿ ಅತ್ತುಬಿಟ್ಟರು.

ನಾನು ಬಾಗಿ ಬಟ್ಟೆಗಳನ್ನು ಹೆಕ್ಕತೊಡಗಿದೆ. ಮಾವ ಕಣ್ಣೊರೆಸಿಕೊಂಡು ಎದ್ದರು. ಎದ್ದವರೇ ಅತ್ತೆಯ ಹತ್ತಿರ ಹೋಗಿ, "ಕೊಡು, ಬಿದ್ದುಗಿದ್ದೀತು, ಎಲ್ಲಾದರೂ ಸರಿಯಾದ ಕಡೆ ಇಡ್ತೀನಿ" ಎಂದು ಪಂಪಿಗೆ ಕೈ ಚಾಚಿದರು.

ಅತ್ತೆ ಕಣ್ಣು ತೆರೆದರು. ಪಂಪನ್ನು ಮುಷ್ಟಿಯೊಳಗೆ ಮುಚ್ಚಿಕೊಂಡು ಎದೆಗೊತ್ತಿಕೊಂಡರು. ಇನ್ನೊಂದು ಕೈಯಿಂದ ಮಾವನ ಮಣಿಕಟ್ಟು ಹಿಡಿದು ಬೆಂಚಿನ ಕಡೆಗೆ ಎಳೆದರು.

"ಇದು ನನ್ನ ಹತ್ರ ಇರ್ಲಿ" ಎಂದರು. ದನಿ ಇನ್ನೂ ಎದ್ದಿರಲಿಲ್ಲ. "ನೀವು ಇಲ್ಲಿ ಕೂತ್ಕೊಳ್ಳಿ. ನಾನು ಉಸಿರಾಡ್ತಿದೀನಿ. ನೋಡ್ತಾ ಕೂತ್ಕೊಳ್ಳಿ."

ಮಾವ ಕೂತರು.